ಕೊನೆಯ ಡಬ್ಬಿಯ ಹಲಗೆ

೩ ನವೆಂಬರ್ ೨೦೨೪, ಭಾನುವಾರ
ಮಲ್ಕಾಜ್‌ಗಿರಿ, ಸಿಕಂದರಾಬಾದ್

ಈ ನೋಟುಬುಕ್ಕನ್ನು ಸುಂದರಾಬಾಯಿ ತಂದು ಮೇಜಿನ ಮೇಲೆ ಕುಕ್ಕಿದಳು. "ಮೂವತ್ನಾಲ್ಕು ವರ್ಷ ಗಾಡಿ ಎಷ್ಟಕ್ಕ ಬಿಟ್ತು, ಎಷ್ಟಕ್ಕ ಮುಟ್ತು ಅಂತ ಬರದೀರಿ. ಈಗ ನಿಮ್ಮ ಸಿಟ್ಟು ಎಷ್ಟಕ್ಕ ಬರ್ತೈತಿ, ಎಷ್ಟಕ್ಕ ಹೋಗ್ತೈತಿ ಬರೀರಿ. ನನ್ನ ತಲಿ ತಿನ್ನಬ್ಯಾಡ್ರಿ," ಎಂದಳು. ಹೆಂಡತಿಯ ಮಾತು, ಸರಿ, ಬರೆಯುತ್ತೇನೆ. ಸಿಟ್ಟು ಇಂದು ಬೆಳಿಗ್ಗೆ ಆರು ಹತ್ತಕ್ಕೆ ಬಂತು. ಇನ್ನೂ ಹೋಗಿಲ್ಲ.

ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದರು ಡಾಕ್ಟರು. ಬೀದಿಯಲ್ಲಿ ನಡೆದರೆ ನಾನು ಸ್ಕೂಟರಿನವರ ಜೊತೆ ಜಗಳವಾಡುತ್ತೇನೆಂದು ಇವಳು ನನ್ನ ಹೆಸರನ್ನು 'ಗುಟ್ಟ ಬಳಗ'ಕ್ಕೆ ಕೊಟ್ಟು ಬಂದಿದ್ದಾಳೆ. ಗುಟ್ಟ ಎಂದರೆ ತೆಲುಗಿನಲ್ಲಿ ಗುಡ್ಡ. ಅರವತ್ತು ದಾಟಿದ ಕನ್ನಡದವರು ಹದಿನಾಲ್ಕು ಜನ, ಅರ್ಧಕ್ಕಿಂತ ಹೆಚ್ಚು ನಿವೃತ್ತ ರೈಲ್ವೆಯವರೇ. ಎರಡು ವಾರಕ್ಕೊಮ್ಮೆ ಒಂದು ಗುಡ್ಡ ಹತ್ತುವುದು, ಮೇಲೆ ಕೂತು ಚೂಡಾ ತಿನ್ನುವುದು, ಇಳಿಯುವುದು. ಇದಕ್ಕೊಬ್ಬರು ಮುಖಂಡರು, ವಿಜಯಶ್ರೀ ಮೇಡಂ, ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಕೊರಳಲ್ಲಿ ಸೀಟಿ. ನಮ್ಮನ್ನು ಐದನೇ ಕ್ಲಾಸಿನ ಮಕ್ಕಳೆಂದೇ ತಿಳಿದಿದ್ದಾರೆ.

ಮೊದಲ ದಿನ ಮೌಲಾಲಿ ಗುಟ್ಟ. ರೈಲಿನ ಕೊನೆಯ ಗಾರ್ಡಿನ ಡಬ್ಬಿಯಿಂದ ಅದನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ, ಒಮ್ಮೆಯೂ ಹತ್ತಿರ ಹೋಗಿರಲಿಲ್ಲ. ನಾನು ನೋಡಿದ ಗುಡ್ಡಗಳೆಲ್ಲ ಹಿಂದಕ್ಕೆ ಸರಿಯುತ್ತಿದ್ದವೇ.

ಮೇಡಂ ನನ್ನ ಕೈಗೆ ಒಂದು ಹಸಿರು, ಒಂದು ಕೆಂಪು ಝಂಡಿ ಕೊಟ್ಟರು. "ಕಾಶಿನಾಥ ಸರ್, ನೀವು ಗಾರ್ಡ್ ಇದ್ದೋರು. ಎಲ್ಲಾರಿಗಿಂತ ಕಡೀಗೆ ನೀವ ಬರ್ರಿ. ಯಾರೂ ಹಿಂದ ಉಳಿದಿಲ್ಲಂತ ನೋಡಿ ಹಸಿರು ತೋರಿಸ್ರಿ. ನೀವು ತೋರಿಸಿದ ಮ್ಯಾಲೇ ನಾನು ಸೀಟಿ ಊದತೀನಿ."

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಆ ಖುಷಿ ಆರು ಹತ್ತರವರೆಗೆ ಇತ್ತು. ಆಗ ಒಂದು ಆಟೋ ಬಂದು ನಿಂತಿತು. ಬಿಳಿ ಟೊಪ್ಪಿಗೆಯ ಒಬ್ಬ ಆಸಾಮಿ ಮೆಲ್ಲಗೆ ಒಂದೊಂದೇ ಕಾಲು ಕೆಳಗಿಟ್ಟು ಇಳಿದ. ನೇರ ನನ್ನ ಹತ್ತಿರ ಬಂದು ಕೈ ಮುಗಿದ.

"ನಮಸ್ಕಾರ್ರಿ ಕಾಶಿನಾಥರ. ಗುರುತು ಸಿಕ್ತೇನ್ರಿ?"

ಸಿಗದೇ ಏನು? ದತ್ತಾತ್ರೇಯ. ಸ್ಟೇಷನ್ ಮಾಸ್ತರ. ನಾನು ಕೈ ಮುಗಿಯಲಿಲ್ಲ, ಗುಡ್ಡದ ಕಡೆ ಮುಖ ಮಾಡಿದೆ.

ಇಡೀ ಗುಂಪಿನಲ್ಲಿ ಅತಿ ನಿಧಾನದವನು ಅವನೇ. ಅಂದರೆ ಇನ್ನು ಮೇಲೆ ಪ್ರತಿ ಗುಡ್ಡದಲ್ಲೂ ನಾನು ಅವನ ಬೆನ್ನು ನೋಡುತ್ತಾ ಹತ್ತಬೇಕು.

೪ ನವೆಂಬರ್, ಸೋಮವಾರ

ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

೨೦೦೩ರ ಜನವರಿ. ವಾಡಿಯಿಂದ ಸಿಮೆಂಟಿನ ಗೂಡ್ಸ್ ಗಾಡಿ, ಕೊನೆಯ ಡಬ್ಬಿಯಲ್ಲಿ ನಾನೊಬ್ಬನೇ. ಬೆಳಗಾಗಿತ್ತು, ಆದರೆ ವಿಪರೀತ ಮಂಜು. ಎರಡು ಸ್ಟೇಷನ್ನುಗಳ ನಡುವೆ ಡಬ್ಬಿಗಳ ಕೊಂಡಿ ಕಳಚಿತು. ಬ್ರೇಕಿನ ಗಾಳಿಯ ಪೈಪಿನ ಕಾಕ್ ಯಾರೋ ಮುಚ್ಚಿಬಿಟ್ಟಿದ್ದರಿಂದ ಬ್ರೇಕ್ ಬೀಳಲಿಲ್ಲ, ಇಂಜಿನ್ನಿಗೆ ಗೊತ್ತೇ ಆಗಲಿಲ್ಲ. ಇಂಜಿನ್ ಮುಂದಿನ ಡಬ್ಬಿಗಳನ್ನು ಎಳೆದುಕೊಂಡು ಹೋಯಿತು. ಹಿಂದಿನ ಹನ್ನೊಂದು ಡಬ್ಬಿಗಳ ಜೊತೆ ನಾನು ಹಳಿಯ ಮೇಲೆ ಉಳಿದೆ.

ಪ್ರತಿ ಗಾಡಿಯ ಕೊನೆಯ ಡಬ್ಬಿಯ ಹಿಂದೆ ಒಂದು ಹಳದಿ ಹಲಗೆ ತೂಗುತ್ತದೆ. ಅದರ ಮೇಲೆ 'ಎಲ್.ವಿ.' ಎಂಬ ಎರಡು ಕಪ್ಪು ಅಕ್ಷರ. ಕೊನೆಯ ಡಬ್ಬಿ ಇದೇ, ಇದರ ಹಿಂದೆ ಇನ್ನೇನೂ ಇಲ್ಲ ಎಂದು ಅದರ ಅರ್ಥ. ಗಾಡಿ ದಾಟುವಾಗ ಮಾಸ್ತರ್ ಹೊರಗೆ ನಿಂತು ಆ ಹಲಗೆಯನ್ನು ಕಣ್ಣಾರೆ ನೋಡಬೇಕು. ನೋಡಿದ ಮೇಲೆಯೇ 'ಗಾಡಿ ಪೂರ್ತಿ ಬಂತು' ಎಂದು ಹಿಂದಿನ ಸ್ಟೇಷನ್ನಿಗೆ ತಿಳಿಸಬೇಕು. ಹಲಗೆ ಇಲ್ಲದಿದ್ದರೆ ಅರ್ಧ ಗಾಡಿ ಹಿಂದೆ ಬಿದ್ದಿದೆ ಎಂದೇ ಲೆಕ್ಕ. ಇದು ಮೊದಲ ದಿನದ ಪಾಠ.

ಅಂದು ಮುಂದಿನ ಸ್ಟೇಷನ್ನಿನ ಮಾಸ್ತರ ಈ ದತ್ತಾತ್ರೇಯ. ಹೊರಗೆ ಬರಲಿಲ್ಲ, ನೋಡಲಿಲ್ಲ, ಪೂರ್ತಿ ಬಂತೆಂದು ತಿಳಿಸಿಬಿಟ್ಟ. ಹಿಂದಿನಿಂದ ಇನ್ನೊಂದು ಗೂಡ್ಸ್ ಹೊರಟಿತು, ನಾನು ನಿಂತಿದ್ದ ಹಳಿಯ ಮೇಲೆಯೇ.

ಮಂಜಿನಲ್ಲಿ ಹಿಂದಕ್ಕೆ ಓಡಿದೆ. ಹಳಿಗೆ ಎಚ್ಚರಿಕೆಯ ಪಟಾಕಿ ಕಟ್ಟಿ ಕೆಂಪು ಝಂಡಿ ಹಿಡಿದು ನಿಂತೆ. ಗಾಡಿ ನನ್ನಿಂದ ನೂರು ಹೆಜ್ಜೆಯಾಚೆ ನಿಂತಿತು. ಆಮೇಲೆ ಮೂರು ತಾಸು ಅಲ್ಲೇ ಇದ್ದೆ. ಚಡ್ಡಿ ಒದ್ದೆಯಾಗಿತ್ತು. ಇದನ್ನು ಸುಂದರಾಬಾಯಿಗೂ ಹೇಳಿಲ್ಲ.

ವಿಚಾರಣೆಯಲ್ಲಿ ಅವನು ಬರೆದುಕೊಟ್ಟ: ಮಂಜಿನಿಂದಾಗಿ ಗಾಡಿಯ ತುದಿ ಕಾಣಲಿಲ್ಲ, ಗಾರ್ಡ್ ವಾಕಿಟಾಕಿಯಲ್ಲಿ ತಿಳಿಸಲೂ ಇಲ್ಲ. ನನ್ನ ವಾಕಿಟಾಕಿಯ ಬ್ಯಾಟರಿ ಸತ್ತಿತ್ತು. ಅದು ನನ್ನ ತಪ್ಪೇ? ಇಬ್ಬರ ಸರ್ವಿಸ್ ಪುಸ್ತಕದಲ್ಲೂ ಒಂದೊಂದು ಕೆಂಪು ಗೆರೆ. ಜೀವ ಉಳಿಸಿದವನಿಗೂ ಅದೇ, ತೆಗೆಯಲು ಹೊರಟವನಿಗೂ ಅದೇ.

ಅಂದಿನಿಂದ ನನಗೆ ಬೇಕಾದದ್ದು ಒಂದೇ ಮಾತು. 'ನಾನು ನೋಡಲಿಲ್ಲ' ಎಂದು ಅವನ ಬಾಯಿಂದ ಬರಬೇಕು. ಕ್ಷಮೆ ಗಿಮೆ ಬೇಡ, ಇದೊಂದು ಮಾತು ಸಾಕು.

೧೭ ನವೆಂಬರ್, ಭಾನುವಾರ

ಅನಂತಗಿರಿ. ಮಿನಿಬಸ್ಸಿನಲ್ಲಿ ಎರಡೂವರೆ ತಾಸು.

ಜನ ಇದನ್ನು ಗುಡ್ಡ ಹತ್ತುವುದು ಎನ್ನುತ್ತಾರೆ. ನಾನು ಮಾಡಿದ್ದು ನಿಲ್ಲುವ ಕೆಲಸ. ಆಸಾಮಿ ನಲವತ್ತೊಂದು ಸಲ ನಿಂತ, ಎಣಿಸಿದ್ದೇನೆ. ಉಸಿರಿಗೆ ನಿಲ್ಲುತ್ತಾನೆ, ಮಂಡಿಗೆ ನಿಲ್ಲುತ್ತಾನೆ, ಅದೂ ಸಾಲದೆ ಒಣ ಎಲೆಯ ಮೇಲಿನ ಹುಳುವಿಗೂ ನಿಲ್ಲುತ್ತಾನೆ. "ನೋಡ್ರಿ ಕಾಶಿನಾಥರ, ಎಷ್ಟ್ ಚಂದ ಐತಿ," ಎನ್ನುತ್ತಾನೆ. ಗಾಡಿ ನೋಡಬೇಕಾದಾಗ ನೋಡಲಿಲ್ಲ, ಈಗ ಹುಳು ನೋಡುತ್ತಾನೆ. ನೀರಿನ ಬಾಟಲಿಯನ್ನೂ ಮರೆತು ಬಂದಿದ್ದ. ನನ್ನದನ್ನು ಕೊಟ್ಟೆ, ಬೇರೆ ದಾರಿ ಇರಲಿಲ್ಲ. ಮಾತಾಡಲಿಲ್ಲ.

ಕೆಳಗೆ ಬಂದು ನಾನು ಹಸಿರು ಝಂಡಿ ಬೀಸಿದೆ, ಮೇಡಂ ಸೀಟಿ ಊದಿದರು, ಬಸ್ಸು ಹೊರಟಿತು. ಯಾರೂ ತಲೆ ಎಣಿಸಲಿಲ್ಲ. ಎಣಿಸುವುದಿಲ್ಲವೇ ಎಂದು ಬಸ್ಸಿನ ಡ್ರೈವರ್ ತೆಲುಗಿನಲ್ಲಿ ಕೇಳಿದ್ದಕ್ಕೆ ಜನಾರ್ದನ ಅವನ ಮೇಲೆ ರೇಗಿದ. ಜನಾರ್ದನ ಇಂಜಿನ್ ಡ್ರೈವರ್ ಆಗಿದ್ದವನು. "ಗಾರ್ಡ್ ಝಂಡಿ ತೋರಿಸ್ಯಾನ. ಅದರ ಮ್ಯಾಲೆ ಮತ್ತ ಎಣಿಸಿದರ ಅವಗ ಅವಮಾನ ಮಾಡಿದಂಗ," ಎಂದ. ಉಳಿದ ರೈಲ್ವೆಯವರೆಲ್ಲ ತಲೆಯಾಡಿಸಿದರು. ಬಹಳ ದಿನದ ಮೇಲೆ ಒಂದು ಒಳ್ಳೆಯ ಮಾತು ಕಿವಿಗೆ ಬಿತ್ತು.

ದಾರಿಯಲ್ಲಿ ಮೇಡಂ ಪಕ್ಕದ ಸೀಟಿಗೆ ಬಂದು ಕೂತರು. ಫೆಬ್ರವರಿಯಲ್ಲಿ ಬಳಗ ಪಚಮಢಿ ಗಿರಿಧಾಮಕ್ಕೆ ಹೋಗುತ್ತದಂತೆ, ನಾಲ್ಕು ದಿನ. ಅಲ್ಲೊಂದು ಬೆಟ್ಟಕ್ಕೆ ಸಾವಿರದ ಮೇಲೆ ಮೆಟ್ಟಿಲು. "ದತ್ತಾತ್ರೇಯ ಸರ್ ಹೆಸರು ಕೊಟ್ಟಾರ. ಅವರ ಕೈಲೆ ಆಗ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಹಿಂದ ನಡಿಯೋರು ನೀವು. ಜನವರಿಯೊಳಗ ನೀವ ಹೇಳ್ರಿ. ನೀವು ಹೂಂ ಅಂದ್ರ ಹೂಂ, ಇಲ್ಲ ಅಂದ್ರ ಇಲ್ಲ."

ಕಿಟಕಿಯ ಕಡೆ ತಿರುಗಿ ಕೂತೆ. ನಗು ಬಂದುಬಿಟ್ಟಿತ್ತು. ಈಗಲೇ ಹೇಳಿಬಿಡಬಹುದಿತ್ತು. ಜನವರಿಯವರೆಗೆ ಇಟ್ಟುಕೊಳ್ಳೋಣ ಎನಿಸಿತು.

೧೮ ನವೆಂಬರ್

ತೊಡೆ ನೋಯುತ್ತಿದೆ. ಸುಂದರಾಬಾಯಿ ಎಣ್ಣೆ ಹಚ್ಚುತ್ತಾ ನಕ್ಕಳು. ನಲವತ್ತೊಂದು ಸಲ ನಿಂತವನಿಗೆ ನೋಯಬೇಕು, ನನಗೇಕೆ?

೧ ಡಿಸೆಂಬರ್, ಭಾನುವಾರ

ಭುವನಗಿರಿ ಕೋಟೆ. ಇಡೀ ಗುಡ್ಡ ಒಂದೇ ಬಂಡೆ. ಮೇಲಿನ ಅರ್ಧದಲ್ಲಿ ಮೆಟ್ಟಿಲು ಸವೆದುಹೋಗಿವೆ, ಕಂಬಿ ಹಿಡಿದೇ ನಡೆಯಬೇಕು. ಮೂವತ್ತಮೂರು ಸಲ ನಿಂತ.

ಇವತ್ತು ಎರಡು ನೀರಿನ ಬಾಟಲಿ ಒಯ್ದಿದ್ದೆ. ಆ ಮರೆಗುಳಿ ಮತ್ತೆ ಮರೆತು ಬಂದರೆ ನನ್ನ ನೀರು ಖಾಲಿ ಮಾಡುತ್ತಾನೆ, ಅದಕ್ಕೆ. ಮರೆತು ಬಂದಿರಲಿಲ್ಲ. ಸುಮ್ಮನೆ ಒಂದು ಕಿಲೋ ಭಾರ ಹೊತ್ತೆ.

ಅರ್ಧ ದಾರಿಯಲ್ಲಿ ಕೂತು ಪೇರಲ ಹಣ್ಣನ್ನು ಚಾಕುವಿನಿಂದ ಸೀಳಿದ. ಉಪ್ಪು ಖಾರ ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ಅರ್ಧ ನನ್ನ ಕಡೆ ಚಾಚಿದ. ಬೇಡ ಎಂದೆ. ಪಕ್ಕದ ಬಂಡೆಯ ಮೇಲೆ ಇಟ್ಟ. ಕೋತಿಗಳು ಬರುತ್ತಿದ್ದವು. ಕೋತಿಗೆ ಹೋಗುವುದಕ್ಕಿಂತ ಎಂದು ತಿಂದೆ.

"ನೀವರೆ ಗಾಡ್ಯಾಗ ಕುಂತು ನಾಕ್ ಊರು ನೋಡೀರಿ," ಎಂದ. "ನಾನು ಮೂವತ್ತೊಂದು ವರ್ಷ ಪ್ಲಾಟ್‌ಫಾರ್ಮ್ ಮ್ಯಾಲೆ ನಿಂತು ಮಂದೀನ ಕಳಿಸೀನಿ. ಪಚಮಢಿಗೆ ಹೋಗೋ ಗಾಡಿನೂ ಕಳಿಸೀನಿ. ನಮ್ಮಾಕಿ ಇರೋತನಕ ಹೋಗೋಣು ಹೋಗೋಣು ಅಂತಿದ್ಲು. ರಜಾನೇ ಹಾಕಲಿಲ್ಲ ನಾನು. ಆಕಿನೂ ಹೋದ್ಲು. ಇದೊಂದು ಸಲ ಹೋಗಿ ಬರಬೇಕ್ರಿ, ಮುಂದ ನನ್ನ ಮಂಡಿ ಕೇಳಂಗಿಲ್ಲ."

ನಾನು ಖಾರ ಹತ್ತಿದ ಬೆರಳು ಒರೆಸಿಕೊಂಡೆ. ಪಚಮಢಿಯ ಕೀಲಿ ನನ್ನ ಜೇಬಿನಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ಆ ಮಾತನ್ನೇನಾದರೂ ಹೇಳುತ್ತಾನೇನೋ ಎಂದು ಕಾದೆ. ಹುಳುವಿನ ಬಗ್ಗೆ ಹೇಳಿದ, ಹೆಂಡತಿಯ ಬಗ್ಗೆ ಹೇಳಿದ. ಅದನ್ನು ಹೇಳಲಿಲ್ಲ.

೧೫ ಡಿಸೆಂಬರ್, ಭಾನುವಾರ

ಕೀಸರಗುಟ್ಟ. ಸುಲಭದ ಗುಡ್ಡ. ಇಳಿಯುವಾಗ ನಾನೇ ಕೇಳಿಬಿಟ್ಟೆ. ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು?

"ಮಾಸ್ತರ, ಅವತ್ತು ನೀವು ಹೊರಗ ಬಂದು ಹಲಗಿ ನೋಡಿದ್ರೋ ಇಲ್ಲೋ?"

ನಿಂತ. ಟೊಪ್ಪಿಗೆ ತೆಗೆದ. ಬೆವರು ಒರೆಸಿದ. ಮತ್ತೆ ಹಾಕಿಕೊಂಡ.

"ಮಂಜಿತ್ತಲ್ರಿ, ಕಾಶಿನಾಥರ," ಎಂದ.

ಇಪ್ಪತ್ತೆರಡು ವರ್ಷದ ಮೇಲೂ ಅದೇ ಮಂಜು! ಕೈಯಲ್ಲಿದ್ದ ಝಂಡಿಯ ಕೋಲನ್ನು ಮುರಿದು ಎಸೆಯುವಷ್ಟು ಸಿಟ್ಟು ಬಂತು. ಪಚಮಢಿಯಂತೆ! ಇವನನ್ನು ಮೌಲಾಲಿಯ ಮೊದಲ ಮೆಟ್ಟಿಲೂ ಹತ್ತಗೊಡುವುದಿಲ್ಲ. ಮುಂದಿನ ಗುಡ್ಡ ಮುಗಿದ ದಿನವೇ ಮೇಡಂಗೆ ಹೇಳುತ್ತೇನೆ.

(ಇಪ್ಪತ್ತೆರಡು ಸಲ ನಿಂತ.)

೨೯ ಡಿಸೆಂಬರ್, ಭಾನುವಾರ

ರಾಚಕೊಂಡ. ಎಲ್ಲ ಕ್ಷೇಮ. ದತ್ತಾತ್ರೇಯನ ಕಾಲು ಉಳುಕಿದೆ. ಬಸ್ಸಿನ ಹತ್ತಿರ ಮರದ ಕೆಳಗೆ ಬಿಳಿ ಟೊಪ್ಪಿಗೆ ಕಂಡಂತಾಯಿತು, ಬಂದನೆಂದು ತಿಳಿದು ಝಂಡಿ ತೋರಿಸಿದೆ. ಯಾರಿಗಾದರೂ ಹಾಗೆ ಅನ್ನಿಸಬಹುದು. ಹೋಗಿ ಕರೆತಂದೆ. ಸುಸ್ತಾಗಿದೆ.

೩೦ ಡಿಸೆಂಬರ್, ಸೋಮವಾರ

ನಿನ್ನೆ ಬರೆದದ್ದು ಸುಳ್ಳು.

ಮೂವತ್ನಾಲ್ಕು ವರ್ಷ ಗಾರ್ಡಿನ ಪುಸ್ತಕದಲ್ಲಿ ಒಂದು ಸುಳ್ಳೂ ಬರೆಯಲಿಲ್ಲ. ಯಾರೂ ಓದದ ಪುಸ್ತಕದಲ್ಲಿ ಬರೆದೆ. ಬೆಳಿಗ್ಗೆಯಿಂದ ಅದೇ ಚುಚ್ಚುತ್ತಿದೆ. ನಡೆದದ್ದು ಹೀಗೆ.

ಇಳಿಯುವಾಗ ಕೋಟೆಯ ಎರಡನೇ ಬಾಗಿಲಿನ ಹತ್ತಿರ ಅವನು ಬೂಟಿನ ಲೇಸು ಕಟ್ಟಲು ಕೂತ. "ನೀವು ನಡೀರಿ, ಬಂದೆ," ಎಂದ. ಹದಿನೇಳನೆಯ ಸಲ. ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಓಡಿಕೊಂಡು ಬರಲಿ, ಬೆವರು ಸುರಿಸಲಿ ಎಂದು ಬಿರಬಿರನೆ ಇಳಿದೆ. ಕಲ್ಲಿನ ದಾರಿ, ಎರಡೂ ಕಡೆ ಸೀತಾಫಲದ ಒಣ ಪೊದೆ. ಒಮ್ಮೆಯೂ ಹಿಂದೆ ತಿರುಗಲಿಲ್ಲ. ಬಸ್ಸಿನ ಹತ್ತಿರ ಎಲ್ಲರೂ ಹತ್ತುತ್ತಿದ್ದರು. ಮೇಡಂ ನನ್ನ ಕಡೆ ನೋಡಿದರು. ಹಸಿರು ಝಂಡಿ ಬೀಸಿದೆ. ಅವರು ಸೀಟಿ ಊದಿದರು. ಬಸ್ಸು ಹೊರಟಿತು.

ಟೊಪ್ಪಿಗೆ ಗಿಪ್ಪಿಗೆ ಏನೂ ಕಂಡಿರಲಿಲ್ಲ.

ನನ್ನ ಮುಂದಿನ ಸೀಟು ಅವನದು. ಖಾಲಿ ಇತ್ತು. ಅದನ್ನು ನೋಡುತ್ತಾ ಕೂತೆ. ಈಗ ಹೇಳುತ್ತೇನೆ, ಆ ತಿರುವು ಕಳೆದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಾ ಸುಮ್ಮನಿದ್ದೆ. ಗಾರ್ಡ್ ನೋಡದೆ ಝಂಡಿ ತೋರಿಸಿದ ಎಂದು ನನ್ನ ಬಾಯಿಂದ ಹೇಗೆ ಹೇಳಲಿ? ಮುಖ್ಯ ರಸ್ತೆಯವರೆಗೂ ಸುಮ್ಮನಿದ್ದೆ. ಜನಾರ್ದನ ಹಿಂದಿನಿಂದ, "ಮಜ್ಜಿಗಿ ಬಾಟ್ಲಿ ದತ್ತಾತ್ರೇಯನ ಚೀಲದಾಗ ಇತ್ತಲ್ಲ, ತಗೀರಿ," ಎಂದು ಕೂಗಿದಾಗ ಗೊತ್ತಾಯಿತು ಎಲ್ಲರಿಗೂ. ಫೋನ್ ಹಚ್ಚಿದರೆ ಅಲ್ಲಿ ಸಿಗ್ನಲ್ ಇಲ್ಲ.

ಬಸ್ಸು ತಿರುಗಿತು. ಬೇರೆಯವರು ಇಳಿಯುವ ಮೊದಲೇ ನಾನು ಓಡಿದೆ. ಅರವತ್ತೇಳರ ಪ್ರಾಯದಲ್ಲಿ ಕಲ್ಲಿನ ದಾರಿಯಲ್ಲಿ ಕೂಗುತ್ತಾ ಓಡಿದೆ. "ಮಾಸ್ತರ, ಓ ಮಾಸ್ತರ!" ಉತ್ತರವಿಲ್ಲ. ಸೂರ್ಯ ಬಂಡೆಯ ಹಿಂದೆ ಇಳಿದಿತ್ತು. ಹೆದರಿದ್ದೆ. ಮಂಜಿನಲ್ಲಿ ಗಾಡಿಯ ಸದ್ದು ಹತ್ತಿರ ಬಂದಾಗಲೂ ಅಷ್ಟು ಹೆದರಿರಲಿಲ್ಲ.

ದಾರಿಯ ನಟ್ಟನಡುವೆ ಒಂದು ಕೋಲು ನೆಟ್ಟಿತ್ತು. ಕೋಲಿಗೆ ಕೆಂಪು ಕರವಸ್ತ್ರ ಕಟ್ಟಿತ್ತು. ಅಲ್ಲಿಂದ ಹತ್ತು ಹೆಜ್ಜೆ ಆಚೆ, ಬಾಗಿಲಿನ ಕಟ್ಟೆಗೆ ಒರಗಿ ಅವನು ಕೂತಿದ್ದ. ಕಾಲು ಊದಿಕೊಂಡು ಬೂಟು ಬಿಚ್ಚಿಟ್ಟಿದ್ದ. ಏಳುವಾಗ ಕಲ್ಲಿನ ಸಂದಿಯಲ್ಲಿ ಉಳುಕಿತಂತೆ. ಕೂಗಿದನಂತೆ.

"ತೆವಳಿಕೊಂಡಾದರೂ ಕೆಳಗ ಬರೋದಲ್ಲೇನ್ರಿ!" ಎಂದು ಬೈದೆ. ಅವನನ್ನು ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು ಅದು.

"ಹಿಂದ ಉಳಿದ ಗಾಡಿ ಜಾಗಾ ಬಿಟ್ಟು ಕದಲಬಾರದಲ್ರಿ," ಎಂದ. "ಕದಲಿದರ ಹುಡುಕೋರಿಗೆ ಸಿಗಂಗಿಲ್ಲ. ನೀವು ಬರ್ತೀರಂತ ಗೊತ್ತಿತ್ತು."

ಅವನ ಕೈ ಹಿಡಿದು ಎಬ್ಬಿಸಿದೆ. ಇಷ್ಟರಲ್ಲಿ ಮೇಡಂ, ಜನಾರ್ದನ ಎಲ್ಲ ಓಡಿ ಬಂದರು. ಏನಾಯಿತು, ಹೇಗಾಯಿತು ಎಂದು ಒಂದೇ ಗದ್ದಲ. ನಾನು ಬಾಯಿ ತೆಗೆಯುವ ಮೊದಲೇ ದತ್ತಾತ್ರೇಯ ಹೇಳಿದ: "ತಪ್ಪು ನಂದರಿ. ಬಸ್ಸಿನತನಕ ಬಂದಿದ್ದೆ. ಇವರು ನನ್ನ ನೋಡೇ ಝಂಡಿ ತೋರಿಸಿದ್ರು. ಬೂಟಿನ ಲೇಸು ಕಟ್ಟಿದಲ್ಲಿ ಚಸ್ಮಾ ಬಿಟ್ಟಿದ್ದೆ, ಯಾರಿಗೂ ಹೇಳದಾ ವಾಪಸ್ ಹತ್ತಿದೆ."

ನಾನು ಸುಮ್ಮನಿದ್ದೆ. ಬಸ್ಸಿನಲ್ಲಿ ಸುಮ್ಮನಿದ್ದಂತೆಯೇ.

೩೧ ಡಿಸೆಂಬರ್

ಯಾರು ಕೇಳಿದ್ದರು ಅವನನ್ನು? ನನ್ನ ಪರವಾಗಿ ಸುಳ್ಳು ಹೇಳು ಎಂದು ಕಾಲು ಹಿಡಿದಿದ್ದೆನೇ? ಅಂದು ಬರೆದುಕೊಡುವಾಗ ನನ್ನನ್ನು ಹಳಿಯ ಮೇಲೆ ಹಾಕಿದ. ಈಗ ಎತ್ತಿ ಹೆಗಲ ಮೇಲೆ ಕೂರಿಸಿದ್ದಾನೆ. ಎರಡೂ ಅವನಿಷ್ಟ, ನನ್ನನ್ನು ಒಂದು ಮಾತು ಕೇಳುವುದಿಲ್ಲ.

೧ ಜನವರಿ ೨೦೨೫

ಮೇಡಂ ಫೋನ್. ಹೊಸ ವರ್ಷದ ಶುಭಾಶಯ ಹೇಳಿ ವಿಷಯಕ್ಕೆ ಬಂದರು. "ಹೇಳದಾ ಕೇಳದಾ ವಾಪಸ್ ಹೋಗೋರನ್ನ ಪಚಮಢಿಗೆ ಕರಕೊಂಡು ಹೋಗೋದು ಭಾಳ ಕಷ್ಟ ಸರ್. ದತ್ತಾತ್ರೇಯ ಸರ್ ಹೆಸರು ತಗೀಬೇಕು ಅಂದ್ಕೊಂಡೀನಿ. ನೀವೇನಂತೀರಿ?"

ಒಂದೂವರೆ ತಿಂಗಳಿಂದ ನಾನು ಕಾದಿದ್ದ ಪ್ರಶ್ನೆ. ಬಾಯಿ ಬಿಡುವ ಕೆಲಸವೂ ಇರಲಿಲ್ಲ, ಹೂಂಗುಟ್ಟಿದರೆ ಸಾಕಿತ್ತು.

"ಹನ್ನೆರಡನೇ ತಾರೀಖು ಎಲ್ಲಾರೂ ಸೇರತೀವಲ್ರಿ, ಅವತ್ತು ಹೇಳತೀನಿ," ಎಂದೆ.

ಸುಂದರಾಬಾಯಿ ಅಡುಗೆಮನೆಯಿಂದಲೇ ಕೇಳಿದಳು: "ರಾಚಕೊಂಡದಾಗ ಏನಾತ್ರಿ ಖರೇ?" ಏನಿಲ್ಲ ಎಂದೆ. "ನಿದ್ದಿಗಣ್ಣಾಗ ಮಾಸ್ತರ ಮಾಸ್ತರ ಅಂತ ಒದರಾಕತ್ತೀರಿ, ಏನಿಲ್ಲಂತ," ಎಂದಳು.

೫ ಜನವರಿ, ಭಾನುವಾರ

ಕೂಕಟ್‌ಪಲ್ಲಿಗೆ ಹೋಗಿದ್ದೆ. ಸಿಕಂದರಾಬಾದಿನಿಂದ ಮೆಟ್ರೋ, ಅಮೀರ್‌ಪೇಟೆಯಲ್ಲಿ ಬದಲಿಸಬೇಕು. ಗಾರ್ಡೇ ಇಲ್ಲದ ಗಾಡಿ. ಬಾಗಿಲು ತಾನೇ ಮುಚ್ಚುತ್ತದೆ, ಯಾರು ಒಳಗೆ ಯಾರು ಹೊರಗೆ ಕೇಳುವವರಿಲ್ಲ.

ದತ್ತಾತ್ರೇಯ ಇರುವುದು ಮಗಳ ಫ್ಲ್ಯಾಟಿನಲ್ಲಿ, ನಾಲ್ಕನೇ ಮಹಡಿ. ಸ್ಟೂಲಿನ ಮೇಲೆ ಬ್ಯಾಂಡೇಜಿನ ಕಾಲು. ಗೋಡೆಗೆ ಪಚಮಢಿಯ ನಕಾಶೆ ಅಂಟಿಸಿದ್ದಾನೆ. ಮೂಲೆಯಲ್ಲಿ ಹೊಸ ಬೂಟು, ಪೆಟ್ಟಿಗೆಯಿಂದ ಇನ್ನೂ ತೆಗೆದಿಲ್ಲ. ಹೆಸರು ತೆಗೆಯುವ ಮಾತು ಅವನ ಕಿವಿಗೂ ಬಿದ್ದಿತ್ತು.

"ಬರ್ರಿ ಬರ್ರಿ, ಕುಂದರ್ರಿ," ಎಂದು ಏಳಲು ಹೋದ. ಕೂರಲಿಲ್ಲ ನಾನು.

"ಯಾಕ ಸುಳ್ಳು ಹೇಳಿದ್ರಿ?"

"ಯಾವುದು?"

"ರಾಚಕೊಂಡದ್ದು. ನಾನು ನಿಮ್ಮ ನೋಡಿಲ್ಲಂತ ನಿಮಗ ಗೊತ್ತಿತ್ತು."

ಬ್ಯಾಂಡೇಜನ್ನು ಸರಿಪಡಿಸಿಕೊಂಡ. "ನಿಮ್ಮ ಮ್ಯಾಲೆ ಒಂದ್ ಸಲ ಬರದದ್ದ ಭಾಳ ಆತು, ಕಾಶಿನಾಥರ," ಎಂದ. ಆಮೇಲೆ ಮಗಳನ್ನು ಕೂಗಿ ಚಹಾ ಹೇಳಿದ.

ಅಷ್ಟೇ. ನನಗೆ ಬೇಕಾದ ಮಾತು ಅದಲ್ಲ. ಅದರ ಪಕ್ಕದ ಮಾತು. ಇಷ್ಟು ಹತ್ತಿರ ಬಂದು ಅಲ್ಲೇ ನಿಂತುಬಿಡುವ ಮನುಷ್ಯನನ್ನು ಏನು ಮಾಡಬೇಕು? ಗುಡ್ಡದ ಮೇಲೂ ಹಾಗೆಯೇ ನಿಲ್ಲುತ್ತಾನೆ. ಚಹಾ ಚೆನ್ನಾಗಿತ್ತು. ಅರ್ಧ ಕುಡಿದು ಎದ್ದೆ. ಬರುವಾಗ ಹೊಸ ಬೂಟಿನ ಲೇಸು ನೋಡಿದೆ, ಉದ್ದ ಹೆಚ್ಚು. "ಇದನ್ನ ಕತ್ತರಿಸಿ ಗಂಟು ಹಾಕಸ್ರಿ, ಇಲ್ಲಾಂದ್ರ ಮತ್ತ ಬೀಳತೀರಿ," ಎಂದು ಹೇಳಿ ಬಂದೆ.

೧೨ ಜನವರಿ, ಭಾನುವಾರ

ಪಾರ್ಕಿನಲ್ಲಿ ಬಳಗದ ಸಭೆ. ಹದಿನಾಲ್ಕು ಕುರ್ಚಿ. ದತ್ತಾತ್ರೇಯ ಕೋಲೂರಿಕೊಂಡು ಬಂದು ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಮೇಡಂ ಪಟ್ಟಿ ಓದಿದರು. ಅವನ ಹೆಸರು ಬಂದಾಗ ನನ್ನ ಕಡೆ ನೋಡಿದರು.

ಎದ್ದು ನಿಂತೆ. ಝಂಡಿಗಳು ಕೈಯಲ್ಲಿದ್ದವು, ಸುತ್ತಿಟ್ಟವು.

"ಅವರು ಬಸ್ಸಿನತನಕ ಬಂದೇ ಇರಲಿಲ್ಲ," ಎಂದೆ. "ಮ್ಯಾಲೇ ಇದ್ರು. ನಾನು ನೋಡಲಿಲ್ಲ. ನೋಡದಾ ಝಂಡಿ ತೋರಿಸಿದೆ. ಬಸ್ಸಿನ್ಯಾಗ ಅವರ ಸೀಟು ಖಾಲಿ ಇದ್ದದ್ದು ಕಂಡರೂ ಸುಮ್ಮನಿದ್ದೆ."

ಆ ಮಾತು ಹೇಳಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ಇಪ್ಪತ್ತೆರಡು ವರ್ಷ ಅವನ ಬಾಯಿಂದ ಬರಲಿ ಎಂದು ಕಾದ ಮಾತು ನನ್ನ ಬಾಯಿಂದ ಬಂತು, ಅದೂ ಹದಿಮೂರು ಜನರ ಮುಂದೆ. ಜನಾರ್ದನ ನೆಲ ನೋಡುತ್ತಿದ್ದ. ಕೊನೆಗೆ ಅವನೇ, "ಗಾರ್ಡ್ ಆಗಿ..." ಎಂದು ಅರ್ಧಕ್ಕೆ ನಿಲ್ಲಿಸಿದ. ಆ ಅರ್ಧವೇ ಸಾಕಾಯಿತು.

ಮೇಡಂ ಎದ್ದು ಬಂದು ಕೈ ಚಾಚಿದರು. ಝಂಡಿಗಳನ್ನು ಕೊಟ್ಟೆ.

"ಇನ್ನೊಂದು ಮಾತು," ಎಂದೆ. "ನೀವು ಕೇಳಿದ್ದಕ್ಕ ಉತ್ತರ. ಅನಂತಗ್ರಿಯಾಗ ನಲವತ್ತೊಂದ್ ಸಲ ನಿಂತಿದ್ರು. ಭುವನಗ್ರಿಯಾಗ ಮೂವತ್ಮೂರು. ಕೀಸರದಾಗ ಇಪ್ಪತ್ತೆರಡು. ರಾಚಕೊಂಡದಾಗ, ನಾನು ಬಿಟ್ಟು ಬರೋತನಕ, ಹದಿನೇಳು. ಅವರ ಕೈಲೆ ಆಗ್ತೈತಿ. ಪಚಮಢಿ ಹತ್ತತಾರ."

ಕೂತೆ. ಕೊನೆಯ ಕುರ್ಚಿಯ ಕಡೆ ನೋಡಲಿಲ್ಲ. ಅಲ್ಲಿಂದ 'ನಾನೂ ನೋಡಲಿಲ್ಲ' ಎಂದು ಒಂದು ದನಿ ಬರುತ್ತದೇನೋ ಎಂದು ಕಿವಿ ಕೊಟ್ಟಿದ್ದೆ. ಬರಲಿಲ್ಲ. ಪಾರ್ಕಿನ ಮಕ್ಕಳ ಗಲಾಟೆ ಮಾತ್ರ ಕೇಳುತ್ತಿತ್ತು.

ಮನೆಗೆ ಬಂದು ಸುಂದರಾಬಾಯಿಗೆ ಎಲ್ಲ ಹೇಳಿದೆ, ಚಡ್ಡಿಯದೂ ಸೇರಿ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

ಬ್ಯಾಟರಿಯ ವಿಷಯವನ್ನೂ ಬರೆದುಬಿಡುತ್ತೇನೆ. ಗಾಡಿ ಹೊರಡುವ ಮೊದಲು ವಾಕಿಟಾಕಿ ಪರೀಕ್ಷಿಸುವುದು ಗಾರ್ಡಿನ ಕೆಲಸ. ಅಂದು ಚಳಿ ಇತ್ತು, ನಾನು ಚಹಾ ಕುಡಿಯುತ್ತಿದ್ದೆ. ಪರೀಕ್ಷಿಸಲಿಲ್ಲ.

೨೬ ಜನವರಿ

ಗುಡ್ಡವಿಲ್ಲ. ಎಡ ಬೂಟಿನ ಅಟ್ಟೆ ಬಿಟ್ಟಿದೆ, ಹೊಲಿಸಬೇಕು. ಪಚಮಢಿಯ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯಂತೆ, ಸುಮ್ಮನೆ ನಡೆಯುವವರಲ್ಲಿ.

೨ ಫೆಬ್ರವರಿ, ಭಾನುವಾರ

ಪಚಮಢಿಗೆ ಮೊದಲು ಕೊನೆಯ ನಡಿಗೆ. ಮತ್ತೆ ಮೌಲಾಲಿ ಗುಟ್ಟ. ಝಂಡಿ ಯಾರಿಗೂ ಕೊಟ್ಟಿಲ್ಲ. ಮೇಡಂ ತಾವೇ ಬೆರಳು ಮಡಿಚಿ ತಲೆ ಎಣಿಸುತ್ತಾರೆ. ನಾನು ಎಲ್ಲಿ ಬೇಕಾದರೂ ನಡೆಯಬಹುದು. ಬೇಕೆಂದೇ ಎಲ್ಲರಿಗಿಂತ ಮುಂದೆ ನಿಂತೆ, ಜೀವನದಲ್ಲಿ ಮೊದಲ ಸಲ. ಮುಂದೆ ನೋಡಲು ಏನೂ ಇಲ್ಲ, ಬರೀ ಮೆಟ್ಟಿಲು.

ಆರು ಹತ್ತಕ್ಕೆ ಆಟೋ ಬಂತು. ಈ ಮನುಷ್ಯ ಒಂದು ದಿನವಾದರೂ ಆರಕ್ಕೆ ಬರುವುದಿಲ್ಲ. ಹೊಸ ಬೂಟು, ಲೇಸು ಕತ್ತರಿಸಿ ಗಂಟು ಹಾಕಿಸಿದ್ದಾನೆ. ನಮಸ್ಕಾರ ಹೇಳಿ ನನ್ನನ್ನು ದಾಟಿ ಹೋಗಿ, ಬೆನ್ನು ತಿರುಗಿಸಿ ನಿಂತ.

ಬೆನ್ನಿನ ಚೀಲಕ್ಕೆ ಒಂದು ಹಲಗೆ ಕಟ್ಟಿಕೊಂಡಿದ್ದ. ತಂತಿಯಿಂದ, ನಾಲ್ಕೂ ಮೂಲೆಗೆ ಬಿಗಿಯಾಗಿ. ಹಳದಿ ಹಲಗೆ, ಅದರ ಮೇಲೆ ಎರಡು ಕಪ್ಪು ಅಕ್ಷರ. ಎಲ್.ವಿ.

ರೈಲ್ವೆಯವರೆಲ್ಲ ನಗಲು ಶುರು ಮಾಡಿದರು. ಜನಾರ್ದನ ಚಪ್ಪಾಳೆ ತಟ್ಟಿದ. ದತ್ತಾತ್ರೇಯ ನಗಲಿಲ್ಲ. ಬೆನ್ನು ನನ್ನ ಕಡೆಗೇ ಇತ್ತು, ಮುಖ ಕಾಣುತ್ತಿರಲಿಲ್ಲ.

"ಕಾಣ್ತೈತೇನ್ರಿ, ಕಾಶಿನಾಥರ?" ಎಂದ. "ಅವತ್ತು ನಾನು ಇದನ್ನ ನೋಡಾಕ ಹೊರಗ ಬರಲೇ ಇಲ್ಲ. ಒಳಗ ಕುಂತಿದ್ದೆ."

ಸುತ್ತ ಎಲ್ಲರೂ ಇದ್ದರು. ಅರ್ಧ ಜನಕ್ಕೆ ಅದೇನೆಂದು ತಿಳಿಯಲಿಲ್ಲ. ಏನಾದರೂ ಹೇಳಬೇಕಿತ್ತು.

"ಅಕ್ಷರ ಸೊಟ್ಟ ಅದಾವ," ಎಂದೆ.

ಮೇಡಂ ಸೀಟಿ ಊದಿದರು. ಮುಂದಿದ್ದವರು ಹತ್ತತೊಡಗಿದರು. ನಾನು ಪಕ್ಕಕ್ಕೆ ಸರಿದು ಎಲ್ಲರನ್ನೂ ಹೋಗಗೊಟ್ಟೆ. ಆಮೇಲೆ ದತ್ತಾತ್ರೇಯನ ಹಿಂದೆ ಹೊರಟೆ. ಅವನ ನಡಿಗೆ ಇನ್ನೂ ಹಾಗೇ ಇದೆ. ಈಗ ಮೆಟ್ಟಿಲಿನ ಸಂದಿಯ ಇರುವೆಗೂ ನಿಲ್ಲುತ್ತಾನೆ. ಎಷ್ಟು ಸಲ ನಿಂತ ಎಂದು ಎಣಿಸಲು ಇವತ್ತು ಮರೆತೆ. ಗುಡ್ಡದ ತುದಿಯವರೆಗೂ ಹಲಗೆ ಕಣ್ಣ ಮುಂದೆಯೇ ಇತ್ತು.

ಬಣ್ಣ ಮಾತ್ರ ಅಗ್ಗದ್ದು. ಪಚಮಢಿಯಲ್ಲಿ ಒಂದು ಹನಿ ಮಳೆ ಬಿದ್ದರೆ ಅಂಗಿಗೆಲ್ಲ ಹತ್ತುತ್ತದೆ, ಅಷ್ಟೂ ತಿಳಿಯುವುದಿಲ್ಲ ಮಾಸ್ತರನಿಗೆ. ನಾಳೆ ಒಂದು ಡಬ್ಬಿ ವಾರ್ನಿಶ್ ತರಬೇಕು.